ಅದಲ್ಲ ಮೇಡಂ

ಮಕ್ಕಳ ಹಕ್ಕುಗಳ ಅಧಿಕಾರಿ ಎಂದು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಆದರೆ ಆ ಕೋಣೆಯನ್ನು ಹುಡುಕಿಕೊಂಡು ಬಂದವರೆಲ್ಲ ಕೆಳಗಿನ ಟೀ ಅಂಗಡಿಯಲ್ಲಿ ಕೇಳುತ್ತಿದ್ದದ್ದು, "ಅದಲ್ಲ ಮೇಡಂ ಎಲ್ಲಿ ಕೂರ್ತಾರೆ?" ಎಂದೇ. ಅಂಗಡಿಯವನು ಲೋಟ ತೊಳೆಯುತ್ತಲೇ ಗಲ್ಲ ಮೇಲೆತ್ತಿ ದಾರಿ ತೋರಿಸುತ್ತಿದ್ದ. "ಮೆಟ್ಟಿಲು ಹತ್ತಿ ಹೋಗಿ. ಯಾವ ಕೋಣೇಲಿ ದೊಡ್ಡ ದೊಡ್ಡವರು ಚಿಕ್ಕ ಕುರ್ಚಿ ಮೇಲೆ ಮೊಣಕಾಲನ್ನ ಗಲ್ಲಕ್ಕೆ ಆನಿಸಿಕೊಂಡು ಕೂತಿರ್ತಾರೋ, ಅದೇ ಅವರದು."

ಅವರು ತೀರಿಕೊಂಡ ಮೇಲೆ ಬಂದು ಹೋದವರೆಲ್ಲ ಒಳ್ಳೆಯವರು, ದೊಡ್ಡವರು ಎಂದರು. ನಿಜವೇ. ಆದರೆ ಅವರ ನಗು ಎಂಥದ್ದಾಗಿತ್ತು ಎಂದು ಯಾರೂ ಹೇಳಲಿಲ್ಲ. ಆಚೆ ಕೋಣೆಯವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, "ಏನಾಯ್ತಂತೆ?" ಎಂದು ಎದ್ದು ಬರುವಂಥ ನಗು. ಅದನ್ನು ಬಿಟ್ಟು ಅವರ ಬಗ್ಗೆ ಏನು ಬರೆದರೂ ಅರ್ಧವೇ.

ಅವರು ಹುಟ್ಟಿದ್ದು ತುಂಬಿದ ಮನೆಯಲ್ಲಿ, ಎಲ್ಲರಿಗಿಂತ ಕೊನೆಗೆ. ಅಕ್ಕಂದಿರು, ಅಣ್ಣಂದಿರು, ಚಿಕ್ಕಪ್ಪ, ಸೋದರತ್ತೆ, ಎಲ್ಲರ ಬಾಯಲ್ಲೂ ಅವರು 'ಅದು'. ಅದು ಮಲಗಿತಾ? ಅದಕ್ಕೆ ಹಾಲು ಕೊಟ್ರಾ? ಬಿಡಿ, ಅದಕ್ಕೇನು ಗೊತ್ತಾಗುತ್ತೆ. ಪ್ರೀತಿಯಿಂದಲೇ ಆಡುತ್ತಿದ್ದ ಮಾತು. ನಮ್ಮ ಭಾಷೆಯಲ್ಲಿ ಮಗುವನ್ನು ಹಾಗೆನ್ನುವುದೇ ವಾಡಿಕೆ. ಹೀಗಾಗಿ ತನ್ನ ಹೆಸರೇ 'ಅದು' ಎಂದುಕೊಂಡಿದ್ದ ಪುಟ್ಟ ಹುಡುಗಿ ಒಂದು ದಿನ ಊಟದ ತಟ್ಟೆ ದೂಡಿ, "ಅದಕ್ಕೆ ಹಸಿವಿಲ್ಲ" ಎಂದು ಘೋಷಿಸಿದಳು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದೇ ಮನೆಯವರು ಬಾಡಿಗೆ ಮನೆ ಬದಲಾಯಿಸಿದಾಗ ಅವಳಿಗೆ ಹೇಳುವುದನ್ನೇ ಮರೆತರು. ಶಾಲೆಯಿಂದ ಬಂದು ನೋಡಿದರೆ ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಬರೀ ನೆಲ. ಸ್ವಲ್ಪ ಹೊತ್ತಿಗೆ ಅಣ್ಣ ಸೈಕಲ್ ತುಳಿದುಕೊಂಡು ಧಾವಿಸಿ ಬಂದ. "ಅಯ್ಯೋ, ನಿಂಗೆ ಯಾರೂ ಹೇಳಿರ್ಲಿಲ್ವಾ?" ಹೊಸ ಮನೆಗೆ ಹೋದರೆ ಬೆಕ್ಕು ಆಗಲೇ ಬುಟ್ಟಿಯಲ್ಲಿ ಬಂದಿಳಿದು ಒಲೆಯ ಪಕ್ಕ ಕಾಲು ಚಾಚಿ ಮಲಗಿತ್ತು. "ಬೆಕ್ಕಿಗೂ ಬುಟ್ಟಿ ಸಿಕ್ಕಿತ್ತು ಕಣ್ರೀ!" ಎಂದು ಅವರು ಈ ಕಥೆ ಮುಗಿಸುತ್ತಿದ್ದದ್ದು ನಗುತ್ತಲೇ. ಆದರೆ ಹೇಳುವಾಗಲೆಲ್ಲ ಅವರ ಬಲಗೈ ಮಾತ್ರ, ಆ ಬೀಗವನ್ನು ಇನ್ನೊಮ್ಮೆ ಎಳೆದು ನೋಡುವ ಹಾಗೆ, ಗಾಳಿಯಲ್ಲಿ ಸಣ್ಣಗೆ ಮುಚ್ಚಿಕೊಳ್ಳುತ್ತಿತ್ತು.

ಕಲ್ಯಾಣ ಇಲಾಖೆಗೆ ಗುಮಾಸ್ತೆಯಾಗಿ ಸೇರಿ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ತಲೆಯಲ್ಲಿ ಬೆಳ್ಳಿ ಎಳೆ ಇಣುಕುವ ಹೊತ್ತಿಗೆ ಅಧಿಕಾರಿಯ ಕುರ್ಚಿಗೆ ಬಂದರು. ಹೆತ್ತವರಿಲ್ಲದ ಮಕ್ಕಳು, ಇದ್ದೂ ಇಲ್ಲದಂತಾದ ಮಕ್ಕಳು ಯಾರ ಜೊತೆ, ಎಲ್ಲಿ ಇರಬೇಕು ಎಂದು ವಿಚಾರಿಸಿ ಆದೇಶ ಬರೆಯುವುದು ಅಲ್ಲಿಯ ಕೆಲಸ. ಹಿಂದಿನವರು ಬಿಟ್ಟುಹೋದ ಮೇಜು ಎಷ್ಟು ಎತ್ತರವಿತ್ತೆಂದರೆ, ಎದುರು ನಿಂತ ಮಕ್ಕಳ ಹಣೆಯಷ್ಟೇ ಕಾಣುತ್ತಿತ್ತು. "ಹಣೆಬರಹ ಓದೋಕೆ ನಾನೇನು ಜ್ಯೋತಿಷಿಯಾ?" ಎಂದು ಮೇಜನ್ನು ಗೋಡೆಗೆ ತಳ್ಳಿಸಿದರು. ಮುಚ್ಚಿಹೋಗಿದ್ದ ಶಿಶುವಿಹಾರವೊಂದರಿಂದ ಬಣ್ಣ ಹೋದ ಪುಟ್ಟ ಕುರ್ಚಿಗಳನ್ನು ತರಿಸಿ ಕೋಣೆಯ ನಡುವೆ ಹಾಕಿಸಿದರು. ಬಂದವರು ಯಾರೇ ಆಗಲಿ, ಅದರಲ್ಲೇ ಕೂರಬೇಕು.

ಇನ್ನೊಂದು ಅಭ್ಯಾಸವಿತ್ತು. ಮಕ್ಕಳಿಗೆ ಪ್ರಶ್ನೆ ಕೇಳಿದ ಮೇಲೆ ಅವರ ಮುಖವನ್ನೇ ನೋಡುತ್ತಾ ಕೂರುತ್ತಿರಲಿಲ್ಲ. "ಯಾರಾದ್ರೂ ದಿಟ್ಟಿಸಿ ನೋಡಿದ್ರೆ ನನಗೇ ಬಾಯಿ ಒಣಗುತ್ತೆ, ಇನ್ನು ಅವರಿಗೆ?" ಎನ್ನುತ್ತಾ ಒಂದು ಪೆನ್ಸಿಲನ್ನು ತೆಗೆದುಕೊಂಡು ಮೆಂಡರಿನಲ್ಲಿ ನಿಧಾನವಾಗಿ ಹೆರೆಯತೊಡಗುತ್ತಿದ್ದರು. ಸಿಪ್ಪೆ ಸುರುಳಿ ಸುರುಳಿಯಾಗಿ ಸೆರಗಿನ ಮೇಲೆ ಬೀಳುತ್ತಿತ್ತು. ಉತ್ತರ ಬರುವ ತನಕ ಹೆರೆಯುವುದು. ಸಂಜೆ ಮೇಜಿನ ಮೇಲೆ ಬೆರಳ ತುದಿಯಷ್ಟು ಪೆನ್ಸಿಲ್ ಕಂಡರೆ, ಇವತ್ತು ಬಂದದ್ದು ಗಟ್ಟಿ ಆಸಾಮಿ ಎಂದು ಕಚೇರಿಯವರಿಗೆ ತಿಳಿಯುತ್ತಿತ್ತು.

ಅವರು ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ, ಹೆಗಲ ಮೇಲೆ ತಗಡಿನ ಪೆಟ್ಟಿಗೆ ಹೊತ್ತ ಗಂಡಸೊಬ್ಬರು ಬುಸುಗುಡುತ್ತಾ ಒಳಗೆ ನುಗ್ಗಿ ಅದನ್ನು ದಡಾರನೆ ಇಳಿಸಿದರು.

"ಅಲ್ಲಾ ಮೇಡಂ, ನಾನು ಕೇಳಿದ್ದು ಮಗು! ನೀವು ಕಳಿಸಿದ್ದು ಪೆಟ್ಟಿಗೆ!"

ವಿಷಯ ಇಷ್ಟು. ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರ ಅಂಗಡಿಯ ಮೇಲಿನ ಕೋಣೆಯಲ್ಲಿ, ಬಟ್ಟೆ ಹೊಲಿಯುತ್ತಿದ್ದ ಒಬ್ಬ ಹೆಂಗಸು ಮಗಳೊಂದಿಗೆ ಬಾಡಿಗೆಗಿದ್ದರು. ತಾಯಿ ಜ್ವರ ಬಂದು ತೀರಿಕೊಂಡರು. ಮಗಳು ಆ ಮುದುಕರ ಹತ್ತಿರವೇ ಉಳಿದಳು. ಬೀದಿಯವರು ಅವಳನ್ನು ಕರೆಯುತ್ತಿದ್ದದ್ದು ಗುಬ್ಬಿ ಎಂದು. ಬಹಳ ಕಾಲದ ಮೇಲೆ ಅವಳ ದೊಡ್ಡಪ್ಪ, ತಾಯಿಯ ಅಕ್ಕನ ಗಂಡ, ಪತ್ತೆ ಹಚ್ಚಿಕೊಂಡು ಬಂದು, ನಮ್ಮ ಮಗು ನಮಗೆ ಕೊಡಿ ಎಂದರು. ಹಿಂದಿನ ಅಧಿಕಾರಿ ನಿವೃತ್ತಿಯ ಗಡಿಬಿಡಿಯಲ್ಲಿ ಆದೇಶ ಗೀಚಿ ಹೋಗಿದ್ದರು. ಇಲಾಖೆಯ ಡ್ರೈವರ್ ಅದನ್ನು ಪಾಲಿಸಿದ್ದ.

ಡ್ರೈವರನ್ನು ಕರೆಸಿದರು. ಅವನು ಅಳುಕದೆ ಆದೇಶವನ್ನು ಬಿಡಿಸಿ ಓದಿದ: "ಮಗುವು ಗಡಿಯಾರದ ಅಂಗಡಿಯಲ್ಲಿ ವಾಸವಾಗಿದ್ದು, ಮಗುವಿನ ಬಟ್ಟೆಬರೆಯ ಪೆಟ್ಟಿಗೆಯೂ ಅಲ್ಲಿಯೇ ಇರುತ್ತದೆ. ಅದನ್ನು ದೊಡ್ಡಪ್ಪನ ಮನೆಗೆ ತಲುಪಿಸಿ ಸಹಿ ಪಡೆಯತಕ್ಕದ್ದು." ಓದಿ ತಲೆಯೆತ್ತಿದ. "ನೀವೇ ಹೇಳಿ ಮೇಡಂ. ಅದನ್ನು ಅಂದ್ರೆ ಯಾವುದನ್ನು? ಹಿಂದಿನ ಮಾತು ಪೆಟ್ಟಿಗೆ ತಾನೇ? ಪೆಟ್ಟಿಗೆ ತಲುಪಿಸಿದೆ. ಸಹಿನೂ ಆಗಿದೆ."

"ಸಹಿ ನಾನು ಹಾಕಲಿಲ್ಲ, ನನ್ನ ಹೆಂಡತಿ ಹಾಕಿದ್ದು!" ದೊಡ್ಡಪ್ಪ ಕೂಗಿದರು. "ಪೆಟ್ಟಿಗೆ ಬಂತಲ್ಲ, ಹಿಂದೇನೇ ಮಗು ಬರುತ್ತೆ ಅಂತ ಅವಳು ಬಾಗಿಲು ತೆಗೆದುಕೊಂಡು ಕಾದಳು. ಸಂಜೆವರೆಗೂ ಕಾದಳು!"

ಅಧಿಕಾರಿ ತಡೆಯಲಾರದೆ ನಕ್ಕರು. ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಚೆ ಕೋಣೆಯವರು ಬಾಗಿಲಲ್ಲಿ ಜಮಾಯಿಸಿದರು, ಡ್ರೈವರ್ ನಕ್ಕ, ಟೀ ತಂದಿದ್ದ ಅಂಗಡಿಯವನು ಏನೆಂದು ತಿಳಿಯದೆಯೇ ನಕ್ಕ. ಆಮೇಲೆ ಆ ನಗು ಇದ್ದಕ್ಕಿದ್ದಂತೆ ನಿಂತಿತು. ಅವರು ಆ ವಾಕ್ಯವನ್ನು ಮತ್ತೊಮ್ಮೆ ಓದಿದರು. ಡ್ರೈವರನದು ತಪ್ಪೇ ಅಲ್ಲ. ಆ 'ಅದನ್ನು' ಒಳಗೆ ಪೆಟ್ಟಿಗೆಯೂ ಹಿಡಿಸುತ್ತಿತ್ತು, ಮಗುವೂ ಹಿಡಿಸುತ್ತಿತ್ತು. ಬೆಕ್ಕು, ಬುಟ್ಟಿ, ಬೀಗ ಹಾಕಿದ ಬಾಗಿಲು ಕಣ್ಣ ಮುಂದೆ ಬಂದು ನಿಂತವು.

"ಎಲ್ಲಿರಬೇಕು ಅಂತ ಮಗುವನ್ನ ಯಾರಾದ್ರೂ ಕೇಳಿದ್ರಾ?"

"ಅದನ್ನೇನು ಕೇಳೋದು ಮೇಡಂ? ಅದಿನ್ನೂ ಚಿಕ್ಕದು."

"ಅದಲ್ಲ. ಅವಳು."

"ಯಾರು?"

"ಮಗು."

"ಹೂಂ, ಅದೇ ನಾನೂ ಹೇಳಿದ್ದು."

"ಅದಲ್ಲ!"

"ಮತ್ತೆ ಯಾವುದು ಮೇಡಂ?" ದೊಡ್ಡಪ್ಪ ನಿಜವಾಗಿಯೂ ಕಕ್ಕಾಬಿಕ್ಕಿಯಾಗಿದ್ದರು. ಟೀ ಅಂಗಡಿಯವನು ಲೋಟಗಳನ್ನು ಎತ್ತಿಕೊಂಡು ಕೆಳಗಿಳಿದ. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕಟ್ಟಡಕ್ಕೆ ಅಧಿಕಾರಿಯ ಹೊಸ ಹೆಸರು ಮುಟ್ಟಿತ್ತು.

ಇಲಾಖೆಯ ನಿರ್ದೇಶಕರಿಂದ ಕರೆ ಬಂತು. ಅವರು ವ್ಯಾಕರಣದಲ್ಲಿ ಬಲು ಶಿಸ್ತಿನ ಮನುಷ್ಯ. ಕೈಕೆಳಗಿನವರ ರಜೆ ಅರ್ಜಿಯಲ್ಲೂ ಕಾಗುಣಿತ ತಿದ್ದಿ ವಾಪಸ್ ಕಳಿಸುತ್ತಿದ್ದರು.

"ಇದಕ್ಯಾಕಮ್ಮ ಇಷ್ಟು ರಂಪ? 'ಅದನ್ನು' ಎಂಬಲ್ಲಿ 'ಮಗುವನ್ನು' ಎಂದು ಓದಿಕೊಳ್ಳತಕ್ಕದ್ದು. ಒಂದು ಸಾಲಿನ ತಿದ್ದುಪಡಿ. ಮುಗೀತು."

"ಮಗು ಎಲ್ಲಿರಬೇಕು ಅನ್ನೋದನ್ನ ಅವಳನ್ನ ಕೇಳದೆ ಹೇಗೆ ಬರೆಯೋದು ಸಾರ್?"

"ಅವಳು, ಇವಳು ಅಂತ ಕಡತದಲ್ಲಿ ಬರೀಬೇಡಿ ಮತ್ತೆ. ಮಗು ನಪುಂಸಕಲಿಂಗ. ಅದು ನಾನು ಮಾಡಿದ ನಿಯಮ ಅಲ್ಲ."

"ಸರಿ ಸಾರ್. ಬಾಗಿಲಿಗೆ ಇಬ್ಬರು ಮಕ್ಕಳು ಬಂದ್ರೆ ಏನಂತೀರಿ?"

"ಮಕ್ಕಳು ಬಂದರು."

"ಒಂದೇ ಮಗು ಬಂದ್ರೆ?"

"ಮಗು ಬಂ..." ನಿರ್ದೇಶಕರು ತಡೆದರು.

"ಬಂತು. ನೋಡಿ, ಜೊತೆಗೊಬ್ಬರು ಸಿಕ್ಕಿದ್ರೆ ಮನುಷ್ಯರು, ಒಬ್ಬಳೇ ಬಂದ್ರೆ ಪೆಟ್ಟಿಗೆ. ಈ ಹುಡುಗಿ ಒಬ್ಬಳೇ ಇದ್ದಾಳೆ ಸಾರ್."

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ಸೋಮವಾರ ವಿಚಾರಣೆ ಇಟ್ಟುಕೊಳ್ಳಿ. ನಾನೂ ಬರ್ತೀನಿ. ಮಗು ಬಾಯಿ ಬಿಡದಿದ್ರೆ ತಿದ್ದುಪಡಿಗೆ ನೀವೇ ಸಹಿ ಹಾಕಿ ಕಳಿಸಿಕೊಡಬೇಕು."

"ಬಾಯಿ ಇದೆ ಅಂತ ಒಪ್ಪಿಕೊಂಡ್ರಲ್ಲ, ಸದ್ಯಕ್ಕೆ ಅಷ್ಟು ಸಾಕು" ಎಂದು ಅವರು ಎದ್ದು ಬಂದರು. ಬಾಯಲ್ಲಿ ಜೋರಿದ್ದರೂ ಅವರಿಗೆ ಗೊತ್ತಿತ್ತು: ಗುಬ್ಬಿ ಮಾತಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಗಡಿಯಾರದ ಅಂಗಡಿ ಒಂದು ಬೀರುವಿನಷ್ಟು ಅಗಲ. ಗೋಡೆ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಸಮಯ. ಗಡಿಯಾರದ ತಾತ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗಾಜನ್ನು ತೆಗೆಯದೆಯೇ ಅವರನ್ನು ನೋಡಿದರು.

"ಇದರಲ್ಲಿ ಯಾವುದು ಸರಿ ತಾತ?"

"ಯಾವುದೂ ಇಲ್ಲಮ್ಮ. ಸರಿ ಇರೋವನ್ನ ಜನ ತಗೊಂಡು ಹೋಗಿಬಿಡ್ತಾರೆ."

ಕೆಲಸದ ಮೇಜಿನ ಕೆಳಗೆ ಎರಡು ಪಾದ ಕಾಣುತ್ತಿದ್ದವು. ಅಧಿಕಾರಿ ನೆಲದ ಮೇಲೆ ಕೂತು, "ಗುಬ್ಬಿ ಮನೇಲಿದ್ದಾಳಾ?" ಎಂದು ಮೇಜಿನ ಕಾಲನ್ನು ತಟ್ಟಿದರು. ಪಾದಗಳು ಒಳಗೆ ಸರಿದವು. ಪೆಟ್ಟಿಗೆಯನ್ನು ಒಯ್ದ ಕಚೇರಿಯವರ ಜೊತೆ ಅವಳಿಗೆ ಮಾತಿರಲಿಲ್ಲ.

"ನೀವು ಕೇಳಿದ್ರಾ ತಾತ, ಎಲ್ಲಿರ್ತೀಯ ಅಂತ?"

ತಾತ ಚಿಮಟಿಗೆಯನ್ನು ಕೆಳಗಿಟ್ಟರು. ದನಿ ತಗ್ಗಿಸಿ, "ಇಲ್ಲಮ್ಮ" ಎಂದರು. "ನನಗೆ ರಕ್ತಸಂಬಂಧ ಇಲ್ಲ. ಕೇಳಿ, ಹೋಗ್ತೀನಿ ಅಂದುಬಿಟ್ರೆ?"

ಸೋಮವಾರ ಬಂತು. ನಿರ್ದೇಶಕರು ಪುಟ್ಟ ಕುರ್ಚಿಯನ್ನು ಸುತ್ತು ಹಾಕಿ ನೋಡಿ, ಬೇರೆ ದಾರಿಯಿಲ್ಲದೆ ಕೂತರು. ಅವರ ಮೊಣಕಾಲು ಕಟಕ್ಕೆಂದಿತು. ತಾತನ ಹಿಂದೆ ಅವಿತಿದ್ದ ಗುಬ್ಬಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ದೊಡ್ಡಪ್ಪ ಕುರ್ಚಿಯಲ್ಲಿ ಸಿಕ್ಕಿಹಾಕಿಕೊಂಡು, "ಏಳುವಾಗ ಇದೂ ಜೊತೆಗೆ ಬರುತ್ತೇನೋ" ಎಂದು ಗೊಣಗಿದರು.

ಅಧಿಕಾರಿ ಒಂದೇ ಪ್ರಶ್ನೆ ಕೇಳಿದರು. "ನಿನಗೆ ಎಲ್ಲಿರಬೇಕು ಅನ್ಸುತ್ತೆ?"

ಪೆನ್ಸಿಲ್ ತೆಗೆದುಕೊಂಡು ಹೆರೆಯತೊಡಗಿದರು. ಗುಬ್ಬಿ ನೆಲ ನೋಡಿದಳು. ಸಿಪ್ಪೆ ಬಿತ್ತು. ಗುಬ್ಬಿ ಫ್ಯಾನು ನೋಡಿದಳು. ಇನ್ನಷ್ಟು ಸಿಪ್ಪೆ ಬಿತ್ತು. ನಿರ್ದೇಶಕರು ಗಂಟಲು ಸರಿಮಾಡಿಕೊಂಡು ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಧಿಕಾರಿ ಅವರ ಕೈಗೂ ಒಂದು ಪೆನ್ಸಿಲ್, ಮೆಂಡರ್ ಕೊಟ್ಟರು. ದೊಡ್ಡಪ್ಪ ಕೈ ಹೊಸೆಯತೊಡಗಿದಾಗ ಅವರಿಗೊಂದು. ತಾತ ಕೇಳಿಯೇ ಇಸಕೊಂಡರು. ಆ ದಿನ ಕಿಟಕಿಯಲ್ಲಿ ಇಣುಕಿದವರಿಗೆ ಕಂಡದ್ದು, ನಾಲ್ವರು ದೊಡ್ಡವರು ಪುಟ್ಟ ಕುರ್ಚಿಗಳ ಮೇಲೆ ಮುದುಡಿ ಕೂತು, ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲವೆಂಬಂತೆ ಪೆನ್ಸಿಲ್ ಹೆರೆಯುತ್ತಿರುವುದು.

ಅಧಿಕಾರಿಯ ಪೆನ್ಸಿಲ್ ಮೋಟಾಗುತ್ತಾ ಬಂತು. ಇವಳು ಬಾಯಿ ಬಿಡದಿದ್ದರೆ ಸಹಿ ನನ್ನದೇ, ಬೀಗ ಹಾಕಿದವಳೂ ನಾನೇ ಆಗುತ್ತೇನೆ ಎಂದುಕೊಂಡರು. ಆದರೂ ತಲೆಯೆತ್ತಲಿಲ್ಲ.

"ಮೊದಲು ನನ್ನ ಪೆಟ್ಟಿಗೆ ಕೊಡಿ."

ಗೋಡೆಯ ಮೇಜಿನ ಕೆಳಗಿದ್ದ ಪೆಟ್ಟಿಗೆಯನ್ನು ಅಧಿಕಾರಿಯೇ ಎಳೆದು ತಂದರು. ಗುಬ್ಬಿ ಮುಚ್ಚಳ ತೆಗೆದು, ಎಲ್ಲ ಇದೆಯೇ ಎಂದು ಕೈಯಾಡಿಸಿ, ಮುಚ್ಚಿ, ಅದರ ಮೇಲೆ ಏರಿ ಕೂತಳು. ಈಗ ಅವಳು ಎಲ್ಲರಿಗಿಂತ ಒಂದು ಗೇಣು ಮೇಲಿದ್ದಳು.

"ಇದು ಎಲ್ಲಿತ್ತೋ, ನಾನೂ ಅಲ್ಲೇ."

"ಎಲ್ಲಿತ್ತು?"

"ತಾತನ ಅಂಗಡಿ ಮೇಲೆ. ನನ್ನ ಮಂಚದ ಕೆಳಗೆ." ಆಮೇಲೆ ದೊಡ್ಡಪ್ಪನ ಕಡೆ ತಿರುಗಿದಳು. "ರಜಾದಲ್ಲಿ ನಿಮ್ಮ ಮನೆಗೆ ಬರ್ತೀನಿ ದೊಡ್ಡಪ್ಪ. ಪಾಪುಗಳನ್ನ ನೋಡೋಕೆ. ಆದ್ರೆ ಚೀಲ ತರ್ತೀನಿ. ಪೆಟ್ಟಿಗೆ ತರಲ್ಲ."

ತಾತ ಕನ್ನಡಕದ ಒಳಗೆ ಬೆರಳು ಹಾಕಿ ಕಣ್ಣೊರೆಸಿಕೊಂಡರು. "ಪೆನ್ಸಿಲ್ ಪುಡಿ ಬಿತ್ತು" ಎಂದರು, ಯಾರೂ ಕೇಳದಿದ್ದರೂ.

ದೊಡ್ಡಪ್ಪ ಕೆಟ್ಟ ಮನುಷ್ಯರೇನೂ ಅಲ್ಲ. ಮನೆಯಲ್ಲಿ ಅವಳಿ ಕೂಸುಗಳು. ಒಬ್ಬನು ಮಲಗಿದರೆ ಇನ್ನೊಬ್ಬನು ಏಳುತ್ತಿದ್ದ. ಗಂಡ ಹೆಂಡತಿ ಇಬ್ಬರೂ ನಿದ್ದೆಗೆಟ್ಟು ಸುಣ್ಣವಾಗಿದ್ದರು. ಮನೆಗೊಂದು ಕೈ ಆಗುತ್ತದೆಂಬ ಆಸೆ ಇದ್ದದ್ದು ನಿಜ. ಅವರು ಕೈಯಲ್ಲಿದ್ದ ಪೆನ್ಸಿಲನ್ನು ತಿರುಗಿಸಿ ನೋಡಿ, "ಅದು ಹೇಳೋದೂ ಸರೀನೇ" ಎಂದರು. ಕೋಣೆಯಲ್ಲಿ ಎಲ್ಲರೂ ಅಧಿಕಾರಿಯ ಮುಖ ನೋಡಿದರು. ದೊಡ್ಡಪ್ಪ ಅವಸರವಸರವಾಗಿ ಕೈ ಎತ್ತಿದರು. "ಅದಲ್ಲ, ಅದಲ್ಲ! ಅವಳು. ಅವಳು ಹೇಳೋದು ಸರಿ."

ಅವರ ಕೂಸುಗಳನ್ನು ಹಗಲು ಹೊತ್ತು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರಕ್ಕೆ ಅಧಿಕಾರಿಯೇ ಓಡಾಡಿ ಸೇರಿಸಿಕೊಟ್ಟರು. ಹೊಸ ಆದೇಶವನ್ನು ನಿರ್ದೇಶಕರು ಸ್ವಂತ ಕೈಯಲ್ಲಿ ಬರೆದರು, ಅಂಗೈಯಷ್ಟುದ್ದ ಉಳಿದಿದ್ದ ತಮ್ಮ ಪೆನ್ಸಿಲಿನಿಂದ. "ಮಗುವನ್ನು ಕೇಳಲಾಯಿತು. ಮಗು ಹೇಳಿದಳು..." ಅಲ್ಲಿಗೆ ನಿಲ್ಲಿಸಿ ಮುಖ ಹಿಂಡಿದರು. "ಕಿವಿಗೆ ಕಚ್ಚುತ್ತಲ್ರೀ ಇದು."

"ಹೊಸ ಚಪ್ಪಲಿ ಥರ ಸಾರ್. ನಾಲ್ಕು ದಿನ ಕಚ್ಚುತ್ತೆ, ಆಮೇಲೆ ನಿಮ್ಮ ಕಾಲಿಗೇ ಒಗ್ಗುತ್ತೆ."

ಒಗ್ಗಿತು. ಅಂದಿನಿಂದ ಆ ಕಚೇರಿಯ ಪ್ರತಿ ಆದೇಶವೂ 'ಕೇಳಲಾಯಿತು' ಎಂಬ ಮಾತಿನಿಂದ ಶುರುವಾಗುತ್ತಿತ್ತು. ಮೆಲ್ಲಗೆ ಬೇರೆ ಊರಿನ ಕಚೇರಿಗಳೂ ಅದನ್ನು ಎತ್ತಿಕೊಂಡವು. ಒಬ್ಬ ಹುಡುಗ, ನನಗೆ ಆನೆ ಇರೋ ಮನೆ ಬೇಕು ಎಂದ. ಅದನ್ನೂ ಬರೆಸಿದರು. "ಕೊಡೋಕಾಗಲ್ಲ ಕಂದ. ಆದ್ರೆ ನೀನು ಕೇಳಿದ್ದು ಸರ್ಕಾರಕ್ಕೆ ಗೊತ್ತಿರಲಿ." ಮಕ್ಕಳು ಬಯಸಿದ್ದಕ್ಕೆ ಒಲ್ಲೆ ಎನ್ನಬೇಕಾಗಿ ಬಂದ ದಿನಗಳೂ ಇದ್ದವು. ಆಗ ತಾವೇ ಹೋಗಿ ಪಕ್ಕದಲ್ಲಿ ಕೂತು ಏಕೆಂದು ಹೇಳಿ ಬರುತ್ತಿದ್ದರು, ಬೈಸಿಕೊಂಡೂ ಬರುತ್ತಿದ್ದರು. "ಇವತ್ತು ಒಬ್ಬ, ನನ್ನ ಮೂಗು ದೊಣ್ಣೆ ಥರ ಇದೆ ಅಂದ" ಎಂದು ಸಂಭ್ರಮದಿಂದ ವರದಿ ಒಪ್ಪಿಸುತ್ತಿದ್ದರು. ತಾಯಂದಿರು ಕಂಕುಳ ಕೂಸನ್ನು 'ಅದು' ಎಂದರೆ ಮಾತ್ರ ಅವರು ತಿದ್ದುತ್ತಿರಲಿಲ್ಲ. "ತೊಟ್ಟಿಲಿಗೆ ನನ್ನ ಕಾನೂನು ಇಲ್ಲ. ಅಲ್ಲಿ ಅದು ಮುದ್ದು. ಕಡತಕ್ಕೆ ಬಂದ್ರೆ ನಾನು ಬಿಡಲ್ಲ."

ನಿವೃತ್ತಿಯ ದಿನ ಕಚೇರಿಯವರು ಕೊಟ್ಟ ಉಡುಗೊರೆ ಒಂದು ಪುಟ್ಟ ಕುರ್ಚಿ, ಹೊಸ ಬಣ್ಣ ಬಳಿದದ್ದು. ಅದನ್ನು ಮನೆಯ ಕಿಟಕಿಯ ಬಳಿ ಇಟ್ಟುಕೊಂಡರು. ಗುಬ್ಬಿ ವಾರಕ್ಕೊಮ್ಮೆ ಬಂದು ಅದರಲ್ಲೇ ಕೂರುತ್ತಿದ್ದಳು. ಅಷ್ಟರಲ್ಲಿ ತಾತ ಹೋಗಿ ಬಹಳ ವರ್ಷವಾಗಿತ್ತು. ಗಡಿಯಾರದ ಅಂಗಡಿ ಅವಳದಾಗಿತ್ತು. ಮೂರು ಬೀದಿಯಾಚೆಯವರೂ ಕೈಗಡಿಯಾರ ಹಿಡಿದು ಅವಳಲ್ಲಿಗೇ ಬರುತ್ತಿದ್ದರು. ಗೋಡೆಯ ಗಡಿಯಾರಗಳು ಈಗಲೂ ಒಂದಕ್ಕೊಂದು ಒಪ್ಪುತ್ತಿರಲಿಲ್ಲ.

ಕೊನೆಯ ಕಾಯಿಲೆ ಅವರನ್ನು ಆಸ್ಪತ್ರೆಯ ಮಂಚಕ್ಕೆ ತಂದು ಹಾಕಿತು. ಒಂದು ಮಧ್ಯಾಹ್ನ ಗುಬ್ಬಿ ಬಂದಾಗ, ಕೋಣೆಯ ಹೊರಗೆ ಅವರ ಅಣ್ಣನ ಮಗ ವೈದ್ಯರ ಜೊತೆ ಮಾತಾಡುತ್ತಿದ್ದ. ಒಳ್ಳೆಯ ಹುಡುಗ; ಅತ್ತೆಯೆಂದರೆ ಪ್ರಾಣ. ಇಲ್ಲೇ ಇಡುವುದೋ, ನಮ್ಮ ಮನೆಗೆ ಸಾಗಿಸುವುದೋ ಎಂದು ಚರ್ಚೆ ನಡೆದಿತ್ತು. ಅಷ್ಟರಲ್ಲಿ ನರ್ಸ್ ಹೊರಗೆ ಬಂದು, "ಅಜ್ಜಿ ಅರ್ಧ ಲೋಟ ಹಾಲು ಕುಡೀತು. ಈಗ ಮಲಗಿದೆ" ಎಂದಳು.

"ಅದಲ್ಲ ಸಿಸ್ಟರ್" ಎಂದಳು ಗುಬ್ಬಿ, ಯೋಚಿಸುವ ಮೊದಲೇ.

ಒಳಗಿನಿಂದ ಸಣ್ಣ ದನಿ ಬಂತು. "ಬಿಡೇ ಗುಬ್ಬಿ. ಅವಳು ತೊಟ್ಟಿಲ ಲೆಕ್ಕದಲ್ಲಿ ಹೇಳಿದ್ದು. ಆದ್ರೆ ಹೊರಗೆ ಮಾತಾಡ್ತಿದ್ದಾರಲ್ಲ ಇಬ್ಬರು, ಅವರು ಕಡತದ ಲೆಕ್ಕ. ಅವರನ್ನ ನೋಡ್ಕೋ."

ಗುಬ್ಬಿ ಇಬ್ಬರನ್ನೂ ಒಳಗೆ ಕರೆದಳು. ಕಾಲ್ಮಣೆಯೊಂದನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು, ಕಣ್ಣಿಗೆ ಕಣ್ಣು ಸಮವಾಗುವಂತೆ ಕೂತಳು.

"ನಿಮಗೆ ಎಲ್ಲಿರಬೇಕು ಅನ್ಸುತ್ತೆ?"

ಕೇಳಿದವಳು ಚೀಲದಿಂದ ಪೆನ್ಸಿಲ್, ಮೆಂಡರ್ ತೆಗೆದು ಹೆರೆಯತೊಡಗಿದಳು. ವೈದ್ಯರು ಕೈಗಡಿಯಾರ ನೋಡಿಕೊಂಡರು. ಅಣ್ಣನ ಮಗ ಏನೋ ಹೇಳಹೋದ. ಗುಬ್ಬಿ ಅವನ ಕೈಗೊಂದು ಪೆನ್ಸಿಲ್ ಇಟ್ಟಳು. ಮಂಚದ ಮೇಲಿದ್ದವರು ಆ ಸಿಪ್ಪೆ ಬೀಳುವುದನ್ನೇ, ಬಹಳ ಇಷ್ಟದ್ದೇನನ್ನೋ ನೋಡುವ ಹಾಗೆ, ನೋಡುತ್ತಿದ್ದರು. ಬೇಕೆಂದೇ ತಡ ಮಾಡಿದರೋ ಏನೋ.

"ಮೊದಲು ನನ್ನ ಪೆಟ್ಟಿಗೆ ಕೊಡಿ."

ಅಣ್ಣನ ಮಗ ಗಾಬರಿಯಿಂದ ಮಂಚದ ಕೆಳಗೆ ಬಗ್ಗಿ ನೋಡಿದ. "ಯಾವ ಪೆಟ್ಟಿಗೆ ಅತ್ತೆ? ನೀವು ತಂದಿದ್ದು ಈ ಚೀಲ ಮಾತ್ರ."

ಗುಬ್ಬಿ ನಗಲು ಶುರು ಮಾಡಿದಳು. ಮಂಚದ ಮೇಲಿನಿಂದಲೂ ನಗು ಬಂತು. ಸಣ್ಣದು, ಆದರೆ ಹಳೆಯದೇ. ಆಚೆ ಕೋಣೆಯ ನರ್ಸ್ ಬಾಗಿಲಲ್ಲಿ ತಲೆ ಹಾಕಿ, "ಏನಾಯ್ತಂತೆ?" ಎಂದಳು.

"ಚೀಲ ತಂದಿದ್ದಾರೆ, ಪೆಟ್ಟಿಗೆ ತಂದಿಲ್ಲ" ಎಂದಳು ಗುಬ್ಬಿ, ಕಣ್ಣೊರೆಸಿಕೊಳ್ಳುತ್ತಾ. "ಅಂದ್ರೆ ಇಲ್ಲಿ ಇರೋಕೆ ಬಂದಿಲ್ಲ ಇವರು. ನಿಮ್ಮ ಮನೆಗೂ ಅಲ್ಲ ಅಣ್ಣ. ಪೆಟ್ಟಿಗೆ ಎಲ್ಲಿದೆಯೋ ಅಲ್ಲಿಗೆ."

ಪೆಟ್ಟಿಗೆ ಅವರ ಸ್ವಂತ ಮನೆಯಲ್ಲಿತ್ತು. ಮರುದಿನ ಬೆಳಿಗ್ಗೆ ಅಲ್ಲಿಗೇ ಕರೆದೊಯ್ದರು. ಬೀದಿಯ ತಿರುವಿನಲ್ಲಿ ಅವರು ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ಗುಬ್ಬಿ ಮುಂಚೆಯೇ ಬಂದು ಬಾಗಿಲನ್ನು ಅಗಲವಾಗಿ ತೆರೆದಿಟ್ಟು, ಹೊಸ್ತಿಲ ಮೇಲೆ ಪುಟ್ಟ ಕುರ್ಚಿ ಹಾಕಿಕೊಂಡು ಕೂತಿದ್ದಳು.